ಅಳಿಯಂದಿರ ಟ್ಯಾಂಕು

ಜುಂಜೇಶನ ಕಂಪ್ಯೂಟರಿನಲ್ಲಿ ‘ಫೈನಲ್’ ಎಂಬ ಫೈಲು ಒಂದಿತ್ತು. ಅದರ ಪಕ್ಕದಲ್ಲಿ ‘ಹೊಸ ಫೈನಲ್’ ಇತ್ತು. ಅದರ ಕೆಳಗೆ ‘ಇದೇ ಫೈನಲ್’, ಅದಕ್ಕೂ ಕೆಳಗೆ ‘ಇದೇ ಫೈನಲ್ ಯಾರೂ ಮುಟ್ಟಬೇಡಿ’, ಎಲ್ಲಕ್ಕಿಂತ ಕೊನೆಯಲ್ಲಿ ಯಾವುದೋ ತಲೆಕೆಟ್ಟ ಮಧ್ಯಾಹ್ನ ಹೆಸರಿಟ್ಟ ‘ದೇವರಾಣೆ ಫೈನಲ್’. ಇವುಗಳಲ್ಲಿ ನಿಜವಾದ ಫೈನಲ್ ಯಾವುದೆಂದು ಯಾರಾದರೂ ಕೇಳಿದರೆ ಜುಂಜೇಶ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗುತ್ತಿದ್ದ. ಕನ್ನಡಕ ಒರೆಸುವವನು ಏನೋ ಆಳವಾಗಿ ಯೋಚಿಸುತ್ತಿದ್ದಾನೆಂದು ಜನ ಸುಮ್ಮನಾಗಿಬಿಡುತ್ತಾರೆ. ಇಷ್ಟು ವರ್ಷದ ಮೇಷ್ಟರಗಿರಿಯಲ್ಲಿ ತಾನು ಕಲಿತ ಗಟ್ಟಿ ವಿದ್ಯೆ ಇದೊಂದೇ ಎಂದು ಅವನೇ ಒಪ್ಪಿಕೊಳ್ಳುತ್ತಾನೆ.

ಜುಂಜೇಶ ಹಿರಿಯೂರಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಮೇಷ್ಟ್ರು. ಅವನು ಒಂದು ಚಿಪ್ ಮಾಡಲು ಹೊರಟಿದ್ದ. ಬೋರ್‌ವೆಲ್ಲಿನ ಮೋಟರನ್ನು ತಾನೇ ಶುರು ಮಾಡಿ, ಟ್ಯಾಂಕು ತುಂಬಿದಾಗ ತಾನೇ ನಿಲ್ಲಿಸಿ, ಬೋರಿನಲ್ಲಿ ನೀರು ಇಳಿದರೆ ಮೋಟರ್ ಸುಡದಂತೆ ಕಾಯುವ ಚಿಪ್. ಇಂಥ ಚಿಪ್ಪನ್ನು ಯಾರೂ ನೇರವಾಗಿ ತಯಾರಿಸುವುದಿಲ್ಲ. ಮೊದಲು ಅದರ ಒಳಗಿನ ಸರ್ಕ್ಯೂಟನ್ನು ಕಂಪ್ಯೂಟರಿನಲ್ಲಿ ಬರೆದು, ಅಲ್ಲೇ ಒಂದು ಸುಳ್ಳು ಮೋಟರು, ಸುಳ್ಳು ಟ್ಯಾಂಕು, ಸುಳ್ಳು ನೀರು ಇಟ್ಟು ಓಡಿಸಿ ನೋಡಬೇಕು. ಇದಕ್ಕೆ ಸಿಮ್ಯುಲೇಷನ್ ಎನ್ನುತ್ತಾರೆ. ಜುಂಜೇಶ ಬಹಳ ದಿನಗಳಿಂದ ಇದನ್ನೇ ಮಾಡುತ್ತಿದ್ದ. ಅವನ ಕೈಗೆ ಇಲ್ಲಿಯವರೆಗೆ ಒಂದು ಹನಿ ನೀರೂ ತಾಕಿರಲಿಲ್ಲ, ನಿಜವಾದ ಮೋಟರನ್ನು ಅವನು ಮುಟ್ಟಿದವನೂ ಅಲ್ಲ.

ಆದರೆ ಯುಗಾದಿಗೆ ಹೆಂಡತಿ ಗಂಗಾಳ ತವರಾದ ಕರೇಮರಡಿಹಟ್ಟಿಗೆ ಹೋದಾಗ ಅವನು ಇದನ್ನು ಬೇರೆ ರೀತಿ ವಿವರಿಸಿದ. ಜವನಗೊಂಡನಹಳ್ಳಿಯಿಂದ ಒಳದಾರಿಯಲ್ಲಿರುವ ಆ ಊರಿನ ಹಿರಿಯರೆಲ್ಲ ಜಗಲಿಯ ಮೇಲೆ ಕೂತು, “ಈಗೇನ್ ಕೆಲ್ಸ ಮಾಡ್ತಿಯಪ್ಪ ಅಳಿಯ?” ಎಂದು ಕೇಳಿದರು.

“ಮೋಟರ್ ಓಡಿಸ್ತಿದೀನಿ. ಕಾಲೇಜಾಗೆ ಕುಂತ್ಕಂಡೇ ಆನ್, ಕುಂತ್ಕಂಡೇ ಆಫ್” ಎಂದ ಜುಂಜೇಶ.

‘ಕಂಪ್ಯೂಟರಿನ ಒಳಗೆ’ ಎಂಬ ಮಾತು ಮಾತ್ರ ಹೊರಗೆ ಬರಲಿಲ್ಲ. ಸುಳ್ಳು ಹೇಳಬೇಕೆಂದು ಅವನೇನೂ ಹಾಗೆ ಮಾಡಲಿಲ್ಲ, ಬಾಯಲ್ಲಿ ಹೋಳಿಗೆ ಇತ್ತು. ಹೋಳಿಗೆ ಗಂಟಲಿಗೆ ಇಳಿದ ಮೇಲಾದರೂ ಹೇಳಬಹುದಿತ್ತು, ಅಷ್ಟರಲ್ಲಿ ಹಿರಿಯರು “ಭಲೇ!” ಎಂದುಬಿಟ್ಟಿದ್ದರು. ಭಲೇ ಎಂದವರ ಮುಖಕ್ಕೆ ವಿವರಣೆ ಎರಚುವುದು ಸಭ್ಯರ ಲಕ್ಷಣವಲ್ಲ. ಆ ಸಂಜೆಯೇ ಊರಿನವರು ಅವನನ್ನು ತಮ್ಮ ‘ಕರೇಮರಡಿಹಟ್ಟಿ ಕುಡಿಯುವ ನೀರು’ ಎಂಬ ವಾಟ್ಸಾಪ್ ಗುಂಪಿಗೆ ಸೇರಿಸಿಕೊಂಡರು. ಆ ಗುಂಪಿನಲ್ಲಿ ನೀರಿಗಿಂತ ಗುಲಾಬಿ ಹೂವಿನ ಶುಭೋದಯಗಳೇ ಹೆಚ್ಚು ಹರಿಯುತ್ತಿದ್ದುದರಿಂದ ಜುಂಜೇಶ ಮಾರನೆಯ ದಿನವೇ ಅದರ ಸದ್ದಡಗಿಸಿ ಮರೆತ.

ಆ ಊರಿನ ನೀರುಗಂಟಿ ಕಾಟಲಿಂಗಪ್ಪ. ಮೋಟರ್ ಹಾಕಿ ಟ್ಯಾಂಕು ತುಂಬಿಸುವುದು, ವಾಲ್ವ್ ತಿರುಗಿಸಿ ಒಂದೊಂದು ಬೀದಿಗೂ ಸರದಿಯಂತೆ ನೀರು ಬಿಡುವುದು, ಬೈಸಿಕೊಳ್ಳುವುದು, ಇಷ್ಟು ಅವನ ಕೆಲಸ. ಅವನು ಜುಂಜೇಶನಿಗೆ ಸೋದರಮಾವನೂ ಹೌದು, ಹೆಣ್ಣು ಕೊಟ್ಟ ಮಾವನೂ ಹೌದು. ತಂಗಿಯ ಮಗ ಮೋಟರಿನ ವಿಷಯದಲ್ಲಿ ಓದಿ ದೊಡ್ಡವನಾದ ಎಂಬ ಹೆಮ್ಮೆ ಅವನಿಗೆ ಎಷ್ಟಿತ್ತೆಂದರೆ, ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಬೀದಿಯಲ್ಲಿ ನಡೆಯುವಾಗ ಅವನ ಮಾತೆಲ್ಲ ಅಳಿಯನದೇ.

ಇತ್ತ ಪಾಲಿಟೆಕ್ನಿಕ್ಕಿಗೆ ಹೊಸದಾಗಿ ಕೀರ್ತನಾ ಎಂಬ ಉಪನ್ಯಾಸಕಿ ಬಂದಳು. ಹೊಳಲ್ಕೆರೆಯ ಕಡೆಯವಳು, ಮಾತು ಕಡಿಮೆ, ಕಣ್ಣು ಚುರುಕು. ಚಿತ್ರದುರ್ಗದಲ್ಲಿ ಕಾಲೇಜುಗಳ ಯೋಜನೆಗಳ ಪ್ರದರ್ಶನ ಹತ್ತಿರ ಬರುತ್ತಿತ್ತು, ಪ್ರಿನ್ಸಿಪಾಲರು ಅವಳನ್ನು ಜುಂಜೇಶನ ಜೊತೆಗೆ ಹಾಕಿದರು. ಅವಳು ಒಂದು ಪೂರ್ತಿ ದಿನ ಅವನ ಫೈಲುಗಳನ್ನು ನೋಡಿದಳು.

“ಸಾರ್, ‘ದೇವರಾಣೆ ಫೈನಲ್’ನಲ್ಲಿ ಟ್ಯಾಂಕ್ ತುಂಬಿದ ಮೇಲೆ ಮೋಟರ್ ಆನ್ ಆಗ್ತೈತೆ.”

“ಅದು ಹಳೇದಮ್ಮ.”

“ಹೊಸದು ಯಾವುದು ಸಾರ್?”

ಜುಂಜೇಶ ಕನ್ನಡಕ ತೆಗೆದ. ಅವಳು ಸುಮ್ಮನಾಗಲಿಲ್ಲ, ಒರೆಸಿ ಮುಗಿಯುವವರೆಗೂ ಕಾದು ನಿಂತಳು. ಅವನ ವಿದ್ಯೆ ಕೆಲಸ ಮಾಡದೆ ಹೋದದ್ದು ಅದೇ ಮೊದಲು.

ಮಾರನೆಯ ದಿನ ಅವಳು ವರ್ಷನ್ ಕಂಟ್ರೋಲ್ ಎಂಬ ವ್ಯವಸ್ಥೆಯನ್ನು ತಂದು ಕೂರಿಸಿದಳು. ಅದರಲ್ಲಿ ಫೈಲು ಒಂದೇ. ಅದನ್ನು ಯಾರು ಬದಲಾಯಿಸಿದರೂ, ಏನು ಬದಲಾಯಿಸಿದರು, ಯಾಕೆ ಬದಲಾಯಿಸಿದರು ಎಂದು ಬರೆದೇ ಒಳಗೆ ಸೇರಿಸಬೇಕು. ಹಳೆಯದು ಅಳಿಯುವುದಿಲ್ಲ, ಬರೆದದ್ದು ಬರೆದ ಹಾಗೇ ಉಳಿಯುತ್ತದೆ. ಬದಲಾವಣೆ ಒಳಗೆ ಸೇರಿದ ಕೂಡಲೇ ಇನ್ನೊಂದು ಯಂತ್ರವಿದ್ಯೆ ಎದ್ದು ನಿಂತು, ಎಲ್ಲ ತುಂಡುಗಳನ್ನೂ ತಾನೇ ಜೋಡಿಸಿ, ಸಿಮ್ಯುಲೇಷನ್ ಓಡಿಸಿ, ಮೋಟರು ಸರಿಯಾಗಿ ನಡೆಯಿತೋ ಇಲ್ಲವೋ ಎಂದು ವರದಿ ಕೊಡುತ್ತದೆ.

ಜುಂಜೇಶನಿಗೆ ಎಲ್ಲವೂ ಹಿಡಿಸಿತು, ‘ಯಾಕೆ’ ಎಂಬುದೊಂದನ್ನು ಬಿಟ್ಟು. ಹೆಂಡತಿಗೂ ಹೇಳದ ಕಾರಣಗಳನ್ನು ಕಂಪ್ಯೂಟರಿಗೆ ಯಾಕೆ ಹೇಳಬೇಕು? ಮೊದಲ ಸಲ ‘ಸುಮ್ಮನೆ’ ಎಂದು ಬರೆದ. ಎರಡನೆಯ ಸಲ ‘ಅದೇ’ ಎಂದ. ಆಮೇಲೆ ‘ತಪ್ಪು ಸರಿಪಡಿಸಿದ್ದು’, ಅದರ ಹಿಂದೆಯೇ ‘ಸರಿಪಡಿಸಿದ್ದನ್ನು ಸರಿಪಡಿಸಿದ್ದು’. ಕೀರ್ತನಾ ಇವನ್ನೆಲ್ಲ ಓದಿ ಏನೂ ಹೇಳಲಿಲ್ಲ. ಅವಳು ಏನಾದರೂ ಹೇಳಿದ್ದರೆ ವಾಸಿಯಿತ್ತು ಎಂದು ಜುಂಜೇಶನಿಗೆ ಅನ್ನಿಸಿತು.

ವರದಿ ತಾನಾಗಿಯೇ ಜುಂಜೇಶನ ನಂಬರಿನಿಂದ ವಾಟ್ಸಾಪಿಗೆ ಹೋಗುವ ಏರ್ಪಾಡೂ ಇತ್ತು. “ಇದನ್ನ ನಾನು ಮಾಡ್ತೀನಿ ಬಿಡಮ್ಮ” ಎಂದು ಜುಂಜೇಶ ಮುಂದೆ ಬಂದ. ಹಿಂದಿನ ನವೆಂಬರಿನಲ್ಲಿ ವೇದಿಕೆ ಮೇಲೆ ನಿಂತು ‘ಯಂತ್ರಗಳೂ ಕನ್ನಡ ಮಾತಾಡಬೇಕು’ ಎಂದು ಭಾಷಣ ಮಾಡಿ ಶಾಲು ಹೊದಿಸಿಕೊಂಡಿದ್ದವನು ಅವನು. ಹಾಗಾಗಿ ವರದಿಯನ್ನೆಲ್ಲ ಅಚ್ಚಕನ್ನಡಕ್ಕೆ ತಂದ.

“ಸಾರ್, ಇದು ಸಿಮ್ಯುಲೇಷನ್ ಅಂತ ಒಂದು ಪದ ಇರ್ಲಿ ಮೆಸೇಜಲ್ಲಿ” ಎಂದಳು ಕೀರ್ತನಾ.

“ಅದು ಇಂಗ್ಲಿಷಾಗ್ತದಮ್ಮ.”

“ಕನ್ನಡದಲ್ಲೇ ಹಾಕಿ.”

ಜುಂಜೇಶ ಮೂರು ನಿಘಂಟು ತಿರುವಿದ. ಯಾವ ಪದವೂ ಅವನ ಕಿವಿಗೆ ಇಂಪಾಗಲಿಲ್ಲ. ಇಂಪಾಗದ ಪದವನ್ನು ಕೈಬಿಡುವುದೇ ಭಾಷಾಸೇವೆ ಎಂದುಕೊಂಡು ಕೈಬಿಟ್ಟ.

ಇನ್ನು ಉಳಿದದ್ದು ವರದಿ ಯಾವ ಗುಂಪಿಗೆ ಹೋಗಬೇಕೆಂದು ತೋರಿಸುವುದು. ಹೇಗೆಂದು ಕೀರ್ತನಾಳನ್ನು ಕೇಳಬಹುದಿತ್ತು. ಹಿರಿಯ ಉಪನ್ಯಾಸಕ ಕಿರಿಯಳನ್ನು ಕೇಳುವುದೇ? ಕಾಲೇಜಿನ ಪ್ರಾಜೆಕ್ಟ್ ಗುಂಪು ತನ್ನ ವಾಟ್ಸಾಪ್ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೇ ಇದ್ದದ್ದನ್ನು ಆಗತಾನೆ ನೋಡಿದ್ದ. ಕಣ್ಣು ಬೇರೆ ಕಡೆ ಇಟ್ಟು ಗತ್ತಿನಿಂದ ಮೇಲಿನದನ್ನು ಒತ್ತಿದ. ಆದರೆ ಆ ಪಟ್ಟಿಯಲ್ಲಿ ಯಾರು ಕೊನೆಗೆ ಮಾತಾಡಿದರೋ ಅವರೇ ಮೇಲಕ್ಕೆ ಬರುತ್ತಾರೆ. ಸರಿಯಾಗಿ ಅದೇ ಗಳಿಗೆಗೆ ಕರೇಮರಡಿಹಟ್ಟಿಯಲ್ಲಿ ಕಾಟಲಿಂಗಪ್ಪ ನೀರಿನ ಗುಂಪಿಗೆ ತನ್ನ ದನಿಯಲ್ಲಿ ಒಂದು ಸುದ್ದಿ ಕಳಿಸಿದ್ದ:

“ಎಲ್ಲಾರು ಕೇಳ್ರಪ್ಪೋ, ಮೋಟರ್ ಕಾಯಿಲ್ ಸುಟ್ಟೈತೆ. ಹಿರಿಯೂರಿಗೆ ರಿಪೇರಿಗೆ ಕಳ್ಸೀವಿ. ಬರಾಗಂಟ ಕೈಪಂಪಿನ ನೀರು ಹಿಡ್ಕಳ್ರಿ.”

ಅದರ ಬೆನ್ನಿಗೇ, ಅದೇ ಗುಂಪಿನಲ್ಲಿ, ಮದುವೆಯ ಕೋಟು ತೊಟ್ಟ ಅಳಿಯಂದಿರ ಫೋಟೋದ ಪಕ್ಕದಲ್ಲಿ ಇನ್ನೊಂದು ಸುದ್ದಿ ಬಂತು:

‘ಮೋಟರ್ ಆನ್. ಟ್ಯಾಂಕ್ ಭರ್ತಿ. ಯಶಸ್ವಿ.’

ಮೊದಲು ಓದಿದವಳು ನಲ್ಲಿಯ ಎದುರುಮನೆಯ ನೇತ್ರಾವತಿ. “ಲೇ, ಬರ್ರೇ! ಟ್ಯಾಂಕ್ ತುಂಬೈತಂತೆ, ಅಳಿಯಂದ್ರು ಅಲ್ಲಿಂದ್ಲೇ ಆನ್ ಮಾಡವ್ರೆ!” ಎಂದು ಕೂಗಿ ಕೊಡ ಹಿಡಿದು ಓಡಿದಳು. ಬೀದಿಯ ಕೊಡಗಳೆಲ್ಲ ಸಾಲುಗಟ್ಟಿದವು. ನಲ್ಲಿ ತಿರುಗಿಸಿದರೆ ಒಂದು ನಿಟ್ಟುಸಿರು ಬಂತು, ಅಷ್ಟೇ.

ಕಾಟಲಿಂಗಪ್ಪನೂ ಫೋನು ನೋಡಿದ. ಅವನಿಗೆ ದನಿಯಲ್ಲಿ ಮಾತಾಡಿ ಕಳಿಸುವುದು ಬರುತ್ತಿತ್ತು, ಸಣ್ಣ ಅಕ್ಷರ ಓದಲು ಕಣ್ಣು ಬಿಡುತ್ತಿರಲಿಲ್ಲ. ಅಳಿಯನ ಫೋಟೋ ಕಂಡಿತು, ಕೆಳಗೆ ಏನೋ ಬರೆದಿತ್ತು. ಓದಿದವರು ಕಳಿಸಿದ್ದು, ಶುಭಾಶಯವೇ ಇರಬೇಕು ಎಂದುಕೊಂಡು ಹೆಬ್ಬೆಟ್ಟು ಎತ್ತಿದ ಚಿತ್ರವನ್ನು ಉತ್ತರವಾಗಿ ಕಳಿಸಿದ. ಅಂದಿನಿಂದ ಅಳಿಯನಿಂದ ಏನೇ ಬಂದರೂ ಅವನದು ಒಂದು ಹೆಬ್ಬೆಟ್ಟು ತಪ್ಪಲಿಲ್ಲ.

ಪ್ರದರ್ಶನ ಹತ್ತಿರವಾದಂತೆ ಜುಂಜೇಶ ಹುರುಪಿನಿಂದ ಬದಲಾಯಿಸುತ್ತಾ ಹೋದ, ಯಂತ್ರ ಹುರುಪಿನಿಂದ ಓಡಿಸುತ್ತಾ ಹೋಯಿತು. ಬೆಳಿಗ್ಗೆ ‘ಟ್ಯಾಂಕ್ ಭರ್ತಿ’. ಕಾಫಿಯ ಹೊತ್ತಿಗೆ ‘ಟ್ಯಾಂಕ್ ಭರ್ತಿ’. ಊಟದ ಹೊತ್ತಿಗೆ ‘ಟ್ಯಾಂಕ್ ತುಂಬಿ ಹರಿಯುತ್ತಿದೆ. ಮೋಟರ್ ಆಫ್. ಯಶಸ್ವಿ.’ ಆ ದಿನ ಕರೇಮರಡಿಹಟ್ಟಿಯಲ್ಲಿ ಹೆಂಗಸರು ಅನ್ನದ ಕೈಯಲ್ಲೇ ಟ್ಯಾಂಕಿನ ಬುಡಕ್ಕೆ ಓಡಿದರು. ಹರಿಯುವುದಿರಲಿ, ಟ್ಯಾಂಕಿನ ಕಂಬಕ್ಕೆ ಕಟ್ಟಿದ್ದ ಮೇಕೆಯೊಂದು ಒಣನೆಲ ಕೆರೆಯುತ್ತಾ ನಿಂತಿತ್ತು.

“ಮೋಟರ್ ಸುಟ್ಟೈತೆ ಅಂತಾನೆ ಮಾವ. ಟ್ಯಾಂಕ್ ಹರೀತೈತೆ ಅಂತಾನೆ ಅಳಿಯ. ಯಾರ್ ಮಾತು ನಂಬಾದು?” ಎಂದಳು ಗ್ರಾಮ ಪಂಚಾಯ್ತಿ ಸದಸ್ಯೆ ಹೊನ್ನಕ್ಕ.

“ಓದಿರಾ ಅಳಿಯಂಗೆ ಸುಳ್ಳು ಹೇಳಿ ಏನಾಗ್ಬೇಕೈತಕ್ಕ? ಅದೂ ಹೆಣ್ಣು ಕೊಟ್ಟ ಮಾವನ ವಿರುದ್ಧವಾಗಿ” ಎಂದಳು ನೇತ್ರಾವತಿ.

ಪರಮೇಶ ಎಂಬ ಧೈರ್ಯವಂತನನ್ನು ಟ್ಯಾಂಕಿನ ಏಣಿ ಹತ್ತಿಸಿದರು. “ಖಾಲಿ! ಒಳಗೆ ಎಲ್ಡು ಪಾರಿವಾಳ ಅವೆ!” ಎಂದು ಅವನು ಮೇಲಿನಿಂದ ಕೂಗಿದ. ವಿಷಯ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅನುಮಾನಕ್ಕೆ ಏಣಿ ಬೇಕಿಲ್ಲ, ಅದು ಇನ್ನೂ ಮೇಲೆ ಹತ್ತಿತು. ತುಂಬಿದ ಟ್ಯಾಂಕು ಖಾಲಿಯಾಗಿದೆ ಎಂದರೆ ಯಾರೋ ಖಾಲಿ ಮಾಡಿದ್ದಾರೆ. ವಾಲ್ವಿನ ಕೀಲಿ ಇರುವುದು ಕಾಟಲಿಂಗಪ್ಪನ ಕೈಯಲ್ಲಿ. ಕಾಟಲಿಂಗಪ್ಪನ ತಮ್ಮನ ಟೊಮೇಟೊ ತೋಟ ಟ್ಯಾಂಕಿನ ಕೆಳಗಡೆಯೇ ಇದೆ, ಈ ವರ್ಷ ಕಾಯಿ ಕೆಂಪಗೆ ಚೆನ್ನಾಗಿ ಬಂದಿದೆ. ಸುಟ್ಟ ಮೋಟರನ್ನು ಕಣ್ಣಾರೆ ನೋಡಿಬರಲು ಇಬ್ಬರು ಹಿರಿಯೂರಿನ ರಿಪೇರಿ ಅಂಗಡಿಗೂ ಹೋದರು. ಅಲ್ಲಿ ರಾಶಿ ಮೋಟರುಗಳು ಬಿದ್ದಿದ್ದವು, ತಮ್ಮೂರಿನದು ಯಾವುದೆಂದು ಗುರುತು ಹಿಡಿಯಲಾಗದೆ ಟೀ ಕುಡಿದು ವಾಪಸಾದರು.

ಅಷ್ಟರಲ್ಲಿ ಬಂತು ಆ ಸಂದೇಶ: ‘ಬೋರ್ ಬತ್ತಿದೆ. ನೀರು ಇಲ್ಲ. ಯಶಸ್ವಿ.’

ನೀರಿಲ್ಲದಾಗ ಮೋಟರ್ ತಾನೇ ನಿಲ್ಲುತ್ತದೆಯೇ ಎಂಬ ಪರೀಕ್ಷೆ ಅದು, ಅದರಲ್ಲಿ ಚಿಪ್ ಗೆದ್ದಿತ್ತು. ಜುಂಜೇಶ ಕಾಲೇಜಿನಲ್ಲಿ ಸಿಹಿ ಹಂಚಿದ. ಕರೇಮರಡಿಹಟ್ಟಿಯಲ್ಲಿ ಹೊನ್ನಕ್ಕ ಎದೆ ಬಡಿದುಕೊಂಡಳು. “ಊರ್ ಬೋರು ಬತ್ತೋಗೈತಂತೆ, ಅದುಕ್ಕೆ ಯಶಸ್ವಿ ಅಂತಾನಲ್ರೇ! ಮಾವ ನೋಡಿದ್ರೆ ಹೆಬ್ಬೆಟ್ಟು ಎತ್ತವ್ನೆ! ಮಾವ ಅಳಿಯ ಸೇರ್ಕಂಡು ನಮ್ ಬೋರ್ ಹಿಂಡ್ಯವ್ರೆ!”

ಇಷ್ಟೆಲ್ಲ ಆಗುವಾಗ ಒಬ್ಬರಾದರೂ ಜುಂಜೇಶನಿಗೆ ಫೋನು ಮಾಡಬಹುದಿತ್ತಲ್ಲ ಎಂದು ಕೇಳುವವರಿಗೆ ಆ ಕಡೆಯ ನಡವಳಿಕೆ ಗೊತ್ತಿಲ್ಲ. ಊರಿನ ಅಳಿಯನ ಬಳಿ ಹೆಣ್ಣು ಕೊಟ್ಟವರ ದೂರು ಹೇಳುವ ಕ್ರಮವಿಲ್ಲ. ಅಳಿಯ ಬಂದರೆ ಚಾಪೆ ಹಾಸಬೇಕು, ಮಜ್ಜಿಗೆ ಕೊಡಬೇಕು, ಮಳೆಯ ಸುದ್ದಿ ಮಾತಾಡಬೇಕು. ಕಾಟಲಿಂಗಪ್ಪನನ್ನು ಪಂಚಾಯ್ತಿಗೆ ಎಳೆಯಲು ಸಿದ್ಧರಾಗಿದ್ದ ಜನ ಅವನ ಅಳಿಯನ ಮನಸ್ಸು ನೋಯಿಸಲು ಸಿದ್ಧರಿರಲಿಲ್ಲ. ಜುಂಜೇಶನಾದರೋ ಆ ಗುಂಪಿನ ಕಡೆ ತಿರುಗಿಯೂ ನೋಡಿರಲಿಲ್ಲ. “ಸಾರ್, ಪ್ರಾಜೆಕ್ಟ್ ಗ್ರೂಪಿಗೆ ಏನೂ ಬರ್ತಾ ಇಲ್ಲ” ಎಂದು ಕೀರ್ತನಾ ಎರಡು ಸಲ ಹೇಳಿದಾಗಲೂ “ನೆಟ್ ನಿಧಾನ ಐತಮ್ಮ” ಎಂದುಬಿಟ್ಟಿದ್ದ.

ದೂರು ಪಂಚಾಯ್ತಿ ಅಧಿಕಾರಿ ಪಿಡಿಓ ಮೋಹನ್‌ಕುಮಾರ್ ಅವರ ಮೇಜಿಗೆ ಹೋಯಿತು. ಅವರು ಕಾಗದಪತ್ರದ ಮನುಷ್ಯ. ಮೆಸೇಜುಗಳನ್ನೆಲ್ಲ ಪ್ರಿಂಟ್ ಹಾಕಿಸಿ ನೋಡಿ ತಲೆದೂಗಿದರು. “ಸಾಕ್ಷಿ ಭಾಳ ಗಟ್ಟಿ ಐತೆ ಕಣ್ರಿ. ತಾಂತ್ರಿಕ ತಜ್ಞರೇ ಬರೆದುಕೊಟ್ಟವ್ರೆ. ಪ್ರತಿಯೊಂದಕ್ಕೂ ಆರೋಪಿ ಹೆಬ್ಬೆಟ್ಟು ಹಾಕವ್ನೆ. ನನ್ನ ಸರ್ವೀಸಲ್ಲೇ ಇಂಥ ಕೇಸ್ ನೋಡಿಲ್ಲ” ಎಂದರು. ಭಾನುವಾರ ಟ್ಯಾಂಕಿನ ಬುಡದಲ್ಲಿ ವಿಚಾರಣೆ, ತಪ್ಪೆಂದು ಕಂಡರೆ ಕಾಟಲಿಂಗಪ್ಪ ಕೀಲಿ ಒಪ್ಪಿಸಿ ಕೆಲಸ ಬಿಡಬೇಕು ಎಂದು ತೀರ್ಮಾನವಾಯಿತು.

ಶನಿವಾರ ಅತ್ತೆ ಚಿತ್ತಮ್ಮ ಮಗಳಿಗೆ ಫೋನು ಮಾಡಿ ಅತ್ತಳು. ಯಾರೋ ಫೋನಿನಲ್ಲಿ ಏನೇನೋ ಸುಳ್ಳು ಬರೆದು ಕಳಿಸಿದ್ದಾರೆ, ನಿಮ್ಮಪ್ಪ ನೀರು ಕದ್ದ ಅಂತ ಊರೆಲ್ಲ ಮಾತಾಡುತ್ತಿದೆ ಎಂದಳು. ಬರೆದವರು ಯಾರೆಂದು ಅವಳಿಗೂ ಗೊತ್ತಿರಲಿಲ್ಲ, ಅವಳೆದುರು ಆ ಹೆಸರು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಗಂಗಾ ಫೋನಿಟ್ಟು ಗಂಡನ ಮುಂದೆ ಬಂದು ನಿಂತಳು.

“ರೀ, ನಮ್ಮಪ್ಪಂಗೆ ಆ ಕೆಲ್ಸ ಅಂದ್ರೆ ಪ್ರಾಣ. ಆ ಕೀಲಿ ಕಿತ್ಕಂಡ್ರೆ ಅವ್ರು ಉಳಿಯಲ್ಲ. ನಾಳೆ ಹೋಗಾಣ. ನೀವು ಮಾತಾಡ್ಬೇಕು.”

“ಮಾತಾಡ್ತೀನಿ ಬಿಡು. ಅಂಥ ಮೆಸೇಜ್ ಕಳ್ಸಿರೋನ್ನ ಸುಮ್ನೆ ಬಿಡಲ್ಲ” ಎಂದ ಜುಂಜೇಶ. ಮೆಸೇಜು ಏನೆಂದು ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಆಗಲೇ ಅವನ ತಲೆಯಲ್ಲಿ ಭಾಷಣ ಕಟ್ಟಿಕೊಳ್ಳುತ್ತಿತ್ತು.

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಬೈಕಿನಲ್ಲಿ ಬಂದಿಳಿದಾಗ ಟ್ಯಾಂಕಿನ ಕೆಳಗೆ ಊರೇ ಸೇರಿತ್ತು. ಒಂದು ಕುರ್ಚಿಯಲ್ಲಿ ಮೋಹನ್‌ಕುಮಾರ್, ಇನ್ನೊಂದರಲ್ಲಿ ಹೊನ್ನಕ್ಕ. ಕಾಟಲಿಂಗಪ್ಪ ಕೀಲಿಯನ್ನು ಕಾಲಿಗೆ ಒರಗಿಸಿಕೊಂಡು ಕುಕ್ಕರುಗಾಲಿನಲ್ಲಿ ಕೂತಿದ್ದ. ಅಳಿಯನನ್ನು ಕಂಡು ಅವನ ಮುಖ ಅರಳಿತು. ಯಾರೋ ಓಡಿಹೋಗಿ ಅಳಿಯಂದಿರಿಗೆ ಮಜ್ಜಿಗೆ ತಂದರು.

ಜುಂಜೇಶ ಮಜ್ಜಿಗೆ ಕುಡಿದು, ಮೀಸೆ ಒರೆಸಿ, ಶುರು ಮಾಡಿದ.

“ನೋಡ್ರಿ, ನಾನು ಇದೇ ವಿಷಯದಾಗೆ ತಜ್ಞ. ಹೇಳ್ತೀನಿ ಕೇಳ್ರಿ. ಮೋಟರ್ ಇಲ್ದೆ ಟ್ಯಾಂಕ್ ತುಂಬಕ್ಕೆ ಸಾಧ್ಯಾನೇ ಇಲ್ಲ. ಇದು ವಿಜ್ಞಾನ!”

ಜನ ಮುಖ ಮುಖ ನೋಡಿಕೊಂಡರು.

“ತುಂಬೈತೆ ಅಂತ ಬರ್ದಿರೋನು ಒಂದೋ ಕುಡ್ಕ, ಇಲ್ಲ ಹುಚ್ಚ! ಓದು ಬರಹ ಇಲ್ದಿರೋ ಅವಿವೇಕಿ!”

ಪರಮೇಶ ನೆಲ ನೋಡಿದ. ನೇತ್ರಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೋಹನ್‌ಕುಮಾರ್ ಕೆಮ್ಮಿ, “ಸಾರ್, ಸ್ವಲ್ಪ...” ಎಂದರು. ಜುಂಜೇಶನಿಗೆ ಆವೇಶ ಬಂದುಬಿಟ್ಟಿತ್ತು.

“ಅವನು ಯಾರೇ ಆಗ್ಲಿ, ಎಷ್ಟೇ ದೊಡ್ಡೋನಾಗ್ಲಿ, ನಮ್ಮ ಮಾವನ ಕಾಲು ಹಿಡೀಬೇಕು! ಇಲ್ಲೇ, ಈ ಟ್ಯಾಂಕಿನ ಕೆಳಗೆ! ಹೆಸ್ರು ಹೇಳ್ರಿ ಅವಂದು!”

ಯಾರೂ ಹೇಳಲಿಲ್ಲ. ಅಳಿಯನ ಮುಂದೆ ಹೇಗೆ ಹೇಳುವುದು? ಕಡೆಗೆ ಹೊನ್ನಕ್ಕ, “ನೇತ್ರಾ, ತೋರ್ಸಮ್ಮ. ಅವ್ರೇ ಕೇಳ್ತಾವ್ರೆ” ಎಂದಳು. ನೇತ್ರಾವತಿ ಸಂಕೋಚದಿಂದ ಫೋನನ್ನು ಅವನ ಮುಂದೆ ಹಿಡಿದಳು.

ಮದುವೆಯ ಕೋಟು ತೊಟ್ಟ ಅವಿವೇಕಿಯೊಬ್ಬ ಅಲ್ಲಿಂದ ನಗುತ್ತಿದ್ದ.

ಜುಂಜೇಶ ಕನ್ನಡಕ ತೆಗೆದು ಒರೆಸಿದ. ಹಾಕಿಕೊಂಡು ನೋಡಿದ. ಆ ಕೋಟು ಇನ್ನೂ ಅವನದೇ ಆಗಿತ್ತು. ‘ಟ್ಯಾಂಕ್ ಭರ್ತಿ’, ‘ತುಂಬಿ ಹರಿಯುತ್ತಿದೆ’, ‘ಯಶಸ್ವಿ’. ತಾನೇ ಆರಿಸಿ ಕೂಡಿಸಿದ ಅಚ್ಚಕನ್ನಡ ಒಂದರ ಕೆಳಗೊಂದು ಸಾಲಾಗಿ ನಿಂತಿತ್ತು. ಏನಾಗಿದೆ ಎಂದು ಅವನಿಗೆ ಒಮ್ಮೆಲೇ ಅರ್ಥವಾಯಿತು. ಗಂಗಾ ಅವನ ಭುಜದ ಹಿಂದಿನಿಂದ ಇಣುಕಿ ನೋಡಿದಳು.

ಇಂಥ ಹೊತ್ತಿನಲ್ಲಿ ಗಂಡಸಾದವನು ಏನು ಮಾಡಬೇಕೋ ಅದನ್ನು ಜುಂಜೇಶ ಮಾಡಲಿಲ್ಲ.

“ಇದು... ಯಾರೋ ನನ್ ಫೋನ್ ಹ್ಯಾಕ್ ಮಾಡವ್ರೆ” ಎಂದ.

“ಹಂಗಾ? ಹಂಗಾದ್ರೆ ಸೈಬರ್ ಪೊಲೀಸ್ರಿಗೆ ಬರೀತೀನಿ. ಚಿತ್ರದುರ್ಗದಿಂದ ಬಂದು ನಿಮ್ ಫೋನು, ಕಂಪ್ಯೂಟ್ರು ಎಲ್ಲಾ ತಗಂಡೋಗಿ ನೋಡ್ತಾರೆ” ಎಂದು ಮೋಹನ್‌ಕುಮಾರ್ ಪೆನ್ನಿನ ಮುಚ್ಚಳ ತೆಗೆದರು.

“ಬ್ಯಾಡ ಬ್ಯಾಡ, ಅಷ್ಟು ದೂರ ಯಾಕೆ...” 

ಆಗ ಕಾಟಲಿಂಗಪ್ಪ ಎದ್ದು ನಿಂತ. ತಾನು ಹೆಬ್ಬೆಟ್ಟು ಎತ್ತಿದ್ದ ಶುಭಾಶಯಗಳೇ ಆ ಮೆಸೇಜುಗಳೆಂದು ಅವನಿಗೂ ಈಗಲೇ ತಿಳಿದದ್ದು. ಅಳಿಯನ ಬೆವರು ಇಳಿಯುವ ಮುಖವನ್ನೇ ನೋಡಿದ. ಆಮೇಲೆ ಪಿಡಿಓ ಕಡೆ ತಿರುಗಿದ.

“ಬರೀಬ್ಯಾಡ್ರಿ ಸಾರ್. ನಮ್ ಜುಂಜಣ್ಣ ಸುಳ್ಳು ಹೇಳಾನಲ್ಲ. ಅವ್ನು ತುಂಬೈತೆ ಅಂತ ಬರ್ದವ್ನೆ ಅಂದ್ರೆ ತುಂಬಿರ್ತೈತೆ. ನನಗೇ ಗೊತ್ತಾಗಿಲ್ಲ, ವಯಸ್ಸಾತು. ಎಲ್ಲಿ ಸೋರೋತೋ ಏನೋ. ತಪ್ಪು ನಂದೇ ಅಂತ ಬರ್ಕಳ್ರಿ.”

ಎಂದವನೇ ವಾಲ್ವಿನ ಕೀಲಿಯನ್ನು ತಂದು ಮೋಹನ್‌ಕುಮಾರರ ಕಾಲ ಬಳಿ ಇಟ್ಟ. ಕಬ್ಬಿಣ ಕಲ್ಲಿಗೆ ತಾಕಿ ಠಣ್ ಎಂದಿತು. ಚಿತ್ತಮ್ಮ ಅಳು ತಡೆಯಲಾರದೆ ಆಚೆ ತಿರುಗಿದಳು.

ಜುಂಜೇಶನಿಗೆ ನಾಚಿಕೆಯಾಯಿತು. ಅದು ಮುಖ ಕೆಂಪಾಗುವ ಸಣ್ಣ ನಾಚಿಕೆಯಲ್ಲ, ನಿಂತ ನೆಲ ಬಾಯಿಬಿಟ್ಟರೆ ಸಾಕು ಎನ್ನಿಸುವಂಥದ್ದು. ಟ್ಯಾಂಕು ಖಾಲಿ ಎಂದು ಆ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲ ಮನುಷ್ಯ, ಅಳಿಯನ ಮಾತು ಉಳಿಸುವುದಕ್ಕೆ ತುಂಬಿತ್ತು ಎನ್ನುತ್ತಿದ್ದಾನೆ. ಜುಂಜೇಶ ಬಗ್ಗಿ ಕೀಲಿ ಎತ್ತಿಕೊಂಡ. ಅದು ಅಷ್ಟು ಭಾರವಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

“ಮಾವ ನೀರು ಕದ್ದಿಲ್ಲ. ಕದಿಯಕ್ಕೆ ನೀರೇ ಇರ್ಲಿಲ್ಲ. ಆ ಮೋಟರ್ ನನ್ ಕಂಪ್ಯೂಟರ್‌ನಾಗೆ ಐತೆ. ಟ್ಯಾಂಕೂ ಅದ್ರಾಗೇ ಐತೆ. ನಾನು ಪರೀಕ್ಷೆಗೆ ಓಡಿಸ್ತಿದ್ದೆ, ಮೆಸೇಜ್ ನಮ್ ಕಾಲೇಜ್ ಗುಂಪಿಗೆ ಹೋಗ್ಬೇಕಿತ್ತು, ನನ್ ದಡ್ಡತನಕ್ಕೆ ನಿಮ್ ಗುಂಪಿಗೆ ಬಂತು” ಎಂದ.

ಹೊನ್ನಕ್ಕ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು.

“ಅಂದ್ರೆ, ಇಲ್ದಿರೋ ಮೋಟರಿಂದ ಇಲ್ದಿರೋ ನೀರ್ನ ಇಲ್ದಿರೋ ಟ್ಯಾಂಕಿಗೆ ತುಂಬಿಸ್ತಿದ್ಯಾ?” ಎಂದಳು ಹೊನ್ನಕ್ಕ.

“ಹೂನಕ್ಕ.”

“ಅದುಕ್ಕೆ ಸಂಬ್ಳ ಕೊಡ್ತಾರಾ?”

“ಕೊಡ್ತಾರಕ್ಕ.”

“ಮಾವನ್ನ ಉಳ್ಸಕ್ಕೆ ಕಥೆ ಕಟ್ತಾನೆ” ಎಂದು ಹಿಂದಿನಿಂದ ಯಾರೋ ಅಂದರು. ಹೌದು ಹೌದು ಎಂದು ಗುಸುಗುಸು ಎದ್ದಿತು. ಸುಳ್ಳು ಹೇಳಿದಾಗ ಕಣ್ಣು ಮುಚ್ಚಿ ನಂಬಿದ್ದ ಊರು, ನಿಜ ಹೇಳಿದ ಕೂಡಲೇ ಸಾಕ್ಷಿ ಕೇಳಿತು.

ಜುಂಜೇಶ ಕೀರ್ತನಾಳಿಗೆ ಫೋನು ಮಾಡಿ, ಎಲ್ಲರಿಗೂ ಕೇಳಿಸುವ ಹಾಗೆ ಸ್ಪೀಕರಿಗೆ ಹಾಕಿದ.

“ಕೀರ್ತನಾ, ಈಗ್ಲೇ ಒಂದು ಬದಲಾವಣೆ ಸೇರ್ಸಮ್ಮ. ಏನಾದ್ರೂ ಸರಿ. ಸಿಮ್ಯುಲೇಷನ್ ಓಡ್ಬೇಕು.”

“ಕಾರಣ ಏನಂತ ಬರೀಲಿ ಸಾರ್?”

“ಸುಮ್ನೆ ಅಂತ ಬರಿ.”

“ಹಂಗೆಲ್ಲ ನಾನು ಬರೆಯಲ್ಲ ಸಾರ್.”

ಊರೆಲ್ಲ ಕಿವಿಗೊಟ್ಟು ನಿಂತಿತ್ತು. ಗಂಗಾ ಅವನನ್ನೇ ನೋಡುತ್ತಿದ್ದಳು. ಜುಂಜೇಶ ಗಂಟಲು ಸರಿಮಾಡಿಕೊಂಡು ಹೇಳಿದ. “ಬರ್ಕೊ. ‘ಜುಂಜೇಶ್ ಮೇಷ್ಟ್ರು ಯಾರನ್ನೂ ಕೇಳದೆ ತಪ್ಪು ಗುಂಪಿಗೆ ಮೆಸೇಜ್ ಕಳಿಸಿ, ತಮ್ಮ ಮಾವ ಕಾಟಲಿಂಗಪ್ಪನವರ ಮೇಲೆ ಕಳ್ಳತನ ಬರುವ ಹಾಗೆ ಮಾಡಿದ್ದಾರೆ. ಕಾಟಲಿಂಗಪ್ಪನವರದು ಏನೂ ತಪ್ಪಿಲ್ಲ ಎಂದು ಊರಿಗೆ ತೋರಿಸಲು.’”

ಆ ಕಡೆ ಕೀಲಿಮಣೆ ಟಕಟಕ ಎಂದಿತು.

“ಸಾರ್, ಇದು ಶಾಶ್ವತವಾಗಿ ಉಳೀತೈತೆ. ಚಿತ್ರದುರ್ಗದಲ್ಲಿ ತೋರಿಸೋವಾಗ್ಲೂ ಎಲ್ಲರಿಗೂ ಮೊದ್ಲು ಇದೇ ಕಾಣೋದು.”

“ಗೊತ್ತಮ್ಮ. ಸೇರ್ಸು.”

ಎಲ್ಲರೂ ಫೋನು ಕೈಯಲ್ಲಿ ಹಿಡಿದು ಕಾದರು. ಮೊದಲು ನೇತ್ರಾವತಿಯ ಫೋನು ಟಿಣ್ ಎಂದಿತು. ಆಮೇಲೆ ಹೊನ್ನಕ್ಕನದು, ಪರಮೇಶನದು, ಪಿಡಿಓ ಅವರದು, ಆ ಮೂಲೆಯಲ್ಲೊಂದು, ಈ ಮೂಲೆಯಲ್ಲೊಂದು. ‘ಮೋಟರ್ ಆನ್. ಟ್ಯಾಂಕ್ ಭರ್ತಿ. ಯಶಸ್ವಿ.’ ಊರಿಗೆ ಊರೇ ಕತ್ತೆತ್ತಿ ತಲೆಯ ಮೇಲಿದ್ದ ಟ್ಯಾಂಕನ್ನು ನೋಡಿತು. ಪಾರಿವಾಳವೊಂದು ಅದರೊಳಗಿಂದ ಹೊರಗೆ ಬಂದು ಅಂಚಿನ ಮೇಲೆ ಕೂತಿತು.

ನಗು ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ, ಮೇಕೆ ಬೆದರಿ ಹಗ್ಗ ಕಿತ್ತುಕೊಂಡಿತು. ನಗದವರು ಮೋಹನ್‌ಕುಮಾರ್ ಒಬ್ಬರೇ. “ಫೈಲ್ ಓಪನ್ ಮಾಡಿಬಿಟ್ಟಿದೀನಲ್ರಿ! ಕ್ಲೋಸ್ ಮಾಡ್ಬೇಕಾದ್ರೆ ಎಷ್ಟು ಲೀಟರ್ ಕಳುವಾಗಿತ್ತು ಅಂತ ನಮೂದು ಮಾಡ್ಬೇಕು” ಎಂದು ಗೋಳಾಡಿದರು.

“ಸೊನ್ನೆ ಅಂತ ಬರೀರಿ ಸಾರ್.”

“ಸೊನ್ನೆ ಲೀಟರಿಗೆ ವಿಚಾರಣೆ ಯಾಕ್ ಮಾಡ್ದೆ ಅಂತ ಮೇಲಿನೋರು ಕೇಳಿದ್ರೆ?”

“ಯಶಸ್ವಿ ಅಂತ ಹೇಳ್ರಿ” ಎಂದಳು ಹೊನ್ನಕ್ಕ. ಅವಳು ಎದ್ದು ಬಂದು ಜುಂಜೇಶನ ಕೈಯಿಂದ ಕೀಲಿ ತೆಗೆದುಕೊಂಡು ಕಾಟಲಿಂಗಪ್ಪನ ಕೈಗಿಟ್ಟಳು. “ತಗಳಣ್ಣ. ನಾನೂ ಏನೇನೋ ಅಂದ್ಬಿಟ್ಟೆ, ಮನಸಿಗೆ ಹಾಕ್ಕಬ್ಯಾಡ” ಎಂದಳು. ಜುಂಜೇಶ ತಾನೇ ಹೇಳಿದ್ದ ಶಿಕ್ಷೆಯಂತೆ, ಅದೇ ಟ್ಯಾಂಕಿನ ಕೆಳಗೆ, ಮಾವನ ಕಾಲು ಹಿಡಿದ. ಕಾಟಲಿಂಗಪ್ಪ ಅವನನ್ನು ಎತ್ತಿ ನಿಲ್ಲಿಸಿ ಮಂಡಿಗೆ ಹತ್ತಿದ್ದ ಮಣ್ಣು ಕೊಡವಿದ.

ಮಧ್ಯಾಹ್ನ ಮುದ್ದೆ ಉಂಡ ಮೇಲೆ ಮನೆಯ ಮುಂದಿನ ಬೇವಿನ ನೆರಳಿನಲ್ಲಿ ಮಾವ ಅಳಿಯ ಇಬ್ಬರೇ ಕೂತರು. ಗಂಗಾ ಒಳಗೆ ಪಾತ್ರೆಗಳ ಮೇಲೆ ತನ್ನ ಅಭಿಪ್ರಾಯ ಹೇಳುತ್ತಿದ್ದುದು ಕೇಳಿಸುತ್ತಿತ್ತು.

“ಜುಂಜಣ್ಣ, ನಿನ್ ಟ್ಯಾಂಕ್ ತೋರ್ಸು, ನೋಡಾಣ” ಎಂದ ಕಾಟಲಿಂಗಪ್ಪ.

ಜುಂಜೇಶ ಸಂಕೋಚದಿಂದಲೇ ಫೋನು ತೆಗೆದು ಸಿಮ್ಯುಲೇಷನ್ನಿನ ಚಿತ್ರ ತೋರಿಸಿದ. ಕಪ್ಪು ಪರದೆಯ ಮೇಲೆ ಹಸಿರು ಗೆರೆಗಳು ಏಳುತ್ತಾ ಇಳಿಯುತ್ತಾ ಸಾಗಿದ್ದವು. ಕಾಟಲಿಂಗಪ್ಪ ಕಣ್ಣು ಕಿರಿದು ಮಾಡಿ ನೋಡಿದ.

“ಇದ್ರಾಗೆ ನೀರೆಲ್ಲೈತೆ?”

“ಈ ಗೆರೆ ಮೇಲಕ್ಕೋದ್ರೆ ನೀರು ಬಂತು ಅಂತ, ಮಾವ. ಕೆಳಕ್ಕಿಳಿದ್ರೆ ನಿಂತೋಯ್ತು ಅಂತ.”

“ಮೋಟರ್ ಸುಡಾಕಿಲ್ವಾ?”

“ಸುಡಲ್ಲ.”

“ಕರೆಂಟು?”

“ಯಾವಾಗ್ಲೂ ಇರ್ತೈತೆ.”

“ಕೊಡ ತಗಂಡು ಯಾರೂ ಬರಲ್ವಾ? ಮೇಗಳ ಬೀದೀಗೆ ಜಾಸ್ತಿ ಬಿಟ್ಟೆ, ಕೆಳಗಳ ಬೀದೀಗೆ ಕಮ್ಮಿ ಬಿಟ್ಟೆ ಅಂತ ಬೈಯ್ಯಲ್ವಾ?”

“ಅಲ್ಲಿ ಜನಾನೇ ಇಲ್ಲ ಮಾವ. ಯಾರ್ ಬೈತಾರೆ?”

ಕಾಟಲಿಂಗಪ್ಪ ಹಸಿರು ಗೆರೆಗಳನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮನೆಯೊಳಗಿನವರಿಗೆ ಕೇಳಿಸದ ಹಾಗೆ ಅಳಿಯನ ಕಡೆ ಬಾಗಿದ.

“ಆ ಊರಾಗೆ ನೀರುಗಂಟಿ ಕೆಲ್ಸ ಏನಾರ ಖಾಲಿ ಐತೇನಪ್ಪ?”